ಕೆಟ್ಟ ಸುದ್ದಿ ಕೇಳಬಲ್ಲ ಮುಖ್ಯಸ್ಥರು ಬೇಕು

ಮಾನ್ಯ ಸಂಪಾದಕರೇ,

ಕಚೇರಿಯಲ್ಲಿ ನಾಯಕತ್ವದ ಮಾತು ಬಂದಾಗಲೆಲ್ಲ ವಾಕ್ಚಾತುರ್ಯ, ದೂರದೃಷ್ಟಿ, ಸಮಯಪಾಲನೆಗಳನ್ನು ಕೊಂಡಾಡುವುದು ರೂಢಿ. ಅಹಿತವಾದ ಸಂಗತಿಯನ್ನು ಕೈಕೆಳಗಿನವರು ತಮ್ಮೆದುರು ಅಂಜದೆ ಹೇಳಬಲ್ಲರೇ ಎಂದು ತಮ್ಮನ್ನೇ ಕೇಳಿಕೊಳ್ಳುವ ಮುಖ್ಯಸ್ಥರು ಮಾತ್ರ ವಿರಳ. ನನ್ನ ಅಭಿಪ್ರಾಯದಲ್ಲಿ ಉಳಿದ ಗುಣಗಳೆಲ್ಲ ಇದಾದ ಮೇಲೆ ಬರುವಂಥವು.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಪ್ರಾಣ ಕಳೆದುಕೊಂಡರು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಸರಿದಿಲ್ಲವೇ ಎಂಬ ಸಂದೇಹವನ್ನು ಮೇಲೇರಲು ಓಟ ಆರಂಭಿಸಿದ್ದ, ನೆದರ್ಲೆಂಡ್ಸ್‌ನ ಕೆಎಲ್‌ಎಂ ಸಂಸ್ಥೆಯ ವಿಮಾನದ ಫ್ಲೈಟ್ ಎಂಜಿನಿಯರ್ ಬಾಯಿಬಿಟ್ಟು ಹೇಳಿದ್ದರು. ಸಂಸ್ಥೆಯ ಹಿರಿಯ ಪೈಲಟ್‌ಗಳಲ್ಲಿ ಒಬ್ಬರಾಗಿದ್ದ ಕ್ಯಾಪ್ಟನ್ ಖಚಿತ ದನಿಯಲ್ಲಿ ಅದನ್ನು ತಳ್ಳಿಹಾಕಿದ ಮೇಲೆ ಕಾಕ್‌ಪಿಟ್‌ನಲ್ಲಿ ಯಾರೂ ಪಟ್ಟುಹಿಡಿದು ತಡೆಯಲಿಲ್ಲ. ರೇಡಿಯೊ ಸಂಭಾಷಣೆಯ ಗೊಂದಲವೂ ಅಪಘಾತಕ್ಕೆ ಕಾರಣವಾಗಿತ್ತು, ನಿಜ. ಆದರೆ ಕಿರಿಯರು ದನಿಯೆತ್ತುವುದನ್ನೂ ಹಿರಿಯರು ಅದಕ್ಕೆ ಕಿವಿಗೊಡುವುದನ್ನೂ ವಿಮಾನಯಾನ ಕ್ಷೇತ್ರವು ತರಬೇತಿಯ ಭಾಗವಾಗಿಸಿದ್ದು ಇಂಥ ದುರಂತಗಳ ನಂತರವೇ.

ಸಾಮಾನ್ಯ ಕಚೇರಿಗಳಲ್ಲಿ ಹಾನಿ ಇಷ್ಟು ಢಾಳಾಗಿ ಕಾಣುವುದಿಲ್ಲವಾದ್ದರಿಂದ ತಿದ್ದಿಕೊಳ್ಳುವ ತುರ್ತೂ ಹುಟ್ಟುವುದಿಲ್ಲ. 2006ರಲ್ಲಿ ಅಲನ್ ಮುಲಾಲಿ ಫೋರ್ಡ್ ಕಂಪನಿಯ ಚುಕ್ಕಾಣಿ ಹಿಡಿದಾಗ, ಆ ಒಂದೇ ವರ್ಷ 1,200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅನುಭವಿಸಿದ ಆ ಸಂಸ್ಥೆಯ ವಾರದ ಸಭೆಗಳಲ್ಲಿ ಅಧಿಕಾರಿಗಳ ವರದಿಗಳೆಲ್ಲ ‘ಎಲ್ಲವೂ ಸರಿಯಿದೆ’ ಎನ್ನುವ ಹಸಿರು ಬಣ್ಣದಲ್ಲೇ ಬರುತ್ತಿದ್ದವು. ಕೊನೆಗೊಮ್ಮೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಕೆಂಪು ಬಣ್ಣದ ವರದಿ ತಂದರು. ಮುಲಾಲಿ ಗದರಲಿಲ್ಲ, ಚಪ್ಪಾಳೆ ತಟ್ಟಿದರು. ಮುಂದಿನ ವಾರಗಳಲ್ಲಿ ಇತರರ ವರದಿಗಳೂ ಬಣ್ಣ ಬದಲಿಸಿದವು.

ಇದಕ್ಕೆ ತದ್ವಿರುದ್ಧವಾದ ಅಭ್ಯಾಸಗಳು ನಮಗೆ ಚಿರಪರಿಚಿತ. ಸಭೆಯ ಆರಂಭದಲ್ಲೇ ತಮ್ಮ ತೀರ್ಮಾನ ಹೇಳಿಬಿಟ್ಟು ಆಮೇಲೆ ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳುವುದು, ತಪ್ಪು ಒಪ್ಪಿಕೊಂಡವರನ್ನು ಎಲ್ಲರೆದುರು ಹೀಗಳೆಯುವುದು ಇತ್ಯಾದಿ. ಇವೆಲ್ಲಕ್ಕಿಂತ ಸಂಭಾವಿತವಾಗಿ ಕೇಳಿಸುವ, ಹಾಗಾಗಿಯೇ ಹೆಚ್ಚು ಅಪಾಯಕಾರಿಯಾದ ಮಾತೆಂದರೆ ‘ಸಮಸ್ಯೆ ತರಬೇಡಿ, ಪರಿಹಾರ ತನ್ನಿ’ ಎಂಬುದು. ಪರಿಹಾರ ತಮ್ಮ ಅಧಿಕಾರವ್ಯಾಪ್ತಿಯಲ್ಲೇ ಇದ್ದಿದ್ದರೆ ನೌಕರರು ಮೇಲಧಿಕಾರಿಯ ಕೋಣೆಯವರೆಗೆ ಬರುತ್ತಲೇ ಇರಲಿಲ್ಲ. ಬಂದವರನ್ನು ಹೀಗೆ ಹಿಂದಕ್ಕೆ ಕಳುಹಿಸಿದರೆ ಸಮಸ್ಯೆ ಅಲ್ಲಿಯೇ ಉಳಿಯುತ್ತದೆ. ಅದರ ಸುದ್ದಿ ಮಾತ್ರ ಮೇಲಕ್ಕೆ ಬರುವುದು ನಿಲ್ಲುತ್ತದೆ.

ಕೆಲಸದಲ್ಲಿ ನುರಿತವರಿಗೆ ಬಡ್ತಿ ಕೊಟ್ಟು ಮುಖ್ಯಸ್ಥರನ್ನಾಗಿಸುವ ಸಂಸ್ಥೆಗಳು ಕೇಳಿಸಿಕೊಳ್ಳುವ ಈ ವಿದ್ಯೆಯನ್ನು ಅವರಿಗೆ ಕಲಿಸುವುದು ಕಡಿಮೆ. ವಾರ್ಷಿಕ ಮೌಲ್ಯಮಾಪನದಲ್ಲಿ ಗುರಿ ಸಾಧನೆಯ ಅಂಕಿಗಳ ಜೊತೆಗೆ, ಆ ವರ್ಷದ ದೊಡ್ಡ ಲೋಪಗಳ ಸುಳಿವು ಮುಖ್ಯಸ್ಥರಿಗೆ ಮೊದಲು ಸಿಕ್ಕಿದ್ದು ಸ್ವಂತ ತಂಡದಿಂದಲೋ ಅಥವಾ ಗ್ರಾಹಕರ ದೂರಿನಿಂದಲೋ ಎಂಬುದನ್ನೂ ದಾಖಲಿಸುವ ಪದ್ಧತಿಯನ್ನು ಆಡಳಿತ ಮಂಡಳಿಗಳು ಜಾರಿಗೆ ತರಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ