ಕಿಶೋರರ ಕೇಂದ್ರದ ಬಾಗಿಲು ಪ್ರತಿ ಸಂಜೆ ತೆರೆದಿರಲಿ: ದೇಣಿಗೆಗಾಗಿ ಮನವಿ

ಮಾನ್ಯರೇ,

ಶಾಲೆ ಬಿಟ್ಟ ಅರ್ಧ ಗಂಟೆಯೊಳಗೆ ನಮ್ಮ ಕೇಂದ್ರದ ಗೋಡೆಯುದ್ದಕ್ಕೂ ಬ್ಯಾಗುಗಳು ಸಾಲುಗಟ್ಟುತ್ತವೆ. ಟೇಬಲ್ ಟೆನಿಸ್ ಮೇಜಿನ ಒಂದು ಕಾಲು ಗಿಡ್ಡ. ಅದರಡಿ ಮಡಿಚಿಟ್ಟ ರಟ್ಟು ಜಾರಿದಾಗೆಲ್ಲ ಯಾರಾದರೊಬ್ಬರು ಬಗ್ಗಿ ಸರಿಮಾಡಿ ಆಟ ಮುಂದುವರಿಸುತ್ತಾರೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ಒಬ್ಬ ಹುಡುಗ ಸುಮಾರು ಎರಡು ತಿಂಗಳು ಯಾರೊಂದಿಗೂ ಮಾತಾಡದೆ ಚಿತ್ರ ಬಿಡಿಸುತ್ತ ಕೂರುತ್ತಿದ್ದ. ನಾವು ಯಾರೂ ಅವನನ್ನು ಕೆದಕಲಿಲ್ಲ. ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಅವನೇ ಬಂದು, "ಅಕ್ಕಾ, ಒಂದ್ ವಿಷ್ಯ ಹೇಳ್ಲಾ?" ಅಂದ. ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವನದು. ಆದರೆ ಆ ಎರಡು ತಿಂಗಳೂ ಬಾಗಿಲು ತೆರೆದೇ ಇತ್ತು, ಅದೇ ಅಕ್ಕ ಅದೇ ಕುರ್ಚಿಯಲ್ಲಿ ಇದ್ದರು. ನಾವು ನಿಮ್ಮ ಮುಂದೆ ಕೈಚಾಚುತ್ತಿರುವುದು ಇಷ್ಟಕ್ಕೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರು ಹದಿಹರೆಯದವರು. ಇವರಲ್ಲಿ ಏಳರಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ತೊಂದರೆ ಅನುಭವಿಸುತ್ತಾರೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಮಕ್ಕಳ ಆಟಕ್ಕೆ ಇವರು ದೊಡ್ಡವರು, ದೊಡ್ಡವರ ಮಾತಿಗೆ ಚಿಕ್ಕವರು. ಮನೆಯಲ್ಲೂ ಶಾಲೆಯಲ್ಲೂ ಇವರನ್ನು ಕೇಳುವ ಮೊದಲ ಪ್ರಶ್ನೆ ಅಂಕದ್ದೇ. ಆ ಪ್ರಶ್ನೆ ಕೇಳದ ಒಂದು ಜಾಗ ಇವರಿಗೆ ಬೇಕು.

ಇಂಥ ಜಾಗಗಳ ಹಿಂದೆ ದೊಡ್ಡ ಚರಿತ್ರೆಯಿದೆ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ 22ರ ಹರೆಯದ ಜಾರ್ಜ್ ವಿಲಿಯಮ್ಸ್, ಹನ್ನೊಂದು ಗೆಳೆಯರನ್ನು ಸೇರಿಸಿಕೊಂಡು ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಕಟ್ಟಿದರು. 1860ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಮೂವರು ಹೆಂಗಸರು ಬೀದಿ ಅಲೆಯುತ್ತಿದ್ದ ಹುಡುಗರನ್ನು ಕರೆದು ಒಂದು ಕ್ಲಬ್ ತೆರೆದರು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ ಹಲ್ ಹೌಸ್ ಎಂಬ ನೆರೆಹೊರೆಯವರ ಕೇಂದ್ರ ಆರಂಭಿಸಿದರು. ಇವರಲ್ಲಿ ಯಾರೂ ಸರ್ಕಾರದ ಆದೇಶಕ್ಕೆ ಕಾಯಲಿಲ್ಲ, ಕಣ್ಣೆದುರಿನವರಿಗಾಗಿ ಕೋಣೆ ಹುಡುಕಿದರು. ಸರ್ಕಾರಗಳು ನಿಧಾನಕ್ಕೆ ಹಿಂದೆ ಬಂದವು. 1960ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದರ ಆಲ್ಬಮಾರ್ಲ್ ವರದಿ, ಯುವಜನರಿಗೆ ಒಳ್ಳೆಯ ಕಟ್ಟಡಗಳ ಜೊತೆಗೆ ತರಬೇತಿ ಪಡೆದ ಪೂರ್ಣಾವಧಿ ಕಾರ್ಯಕರ್ತರೂ ಬೇಕೆಂದು ಶಿಫಾರಸು ಮಾಡಿತು. ನಮ್ಮ ಕೇಂದ್ರವೂ ಒಂದು ಖಾಲಿ ಕೋಣೆ ಮತ್ತು ಕೆಲವು ಪೋಷಕರಿಂದಲೇ ಶುರುವಾದದ್ದು.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 2010ರಿಂದ 2019ರ ನಡುವೆ ಲಂಡನ್ನಿನ ಯುವ ಕ್ಲಬ್‌ಗಳಲ್ಲಿ ಸುಮಾರು ಶೇ. 30 ಮುಚ್ಚಿದವು. ಹತ್ತಿರದ ಕ್ಲಬ್ ಕಳೆದುಕೊಂಡ ಮಕ್ಕಳು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ಅವರು ಅಪರಾಧಕ್ಕೆ ಸಿಲುಕುವ ಪ್ರಮಾಣ ಶೇ. 14ರಷ್ಟು ಏರಿತು ಎಂದು 2024ರಲ್ಲಿ ಅಲ್ಲಿನ ಅಧ್ಯಯನವೊಂದು ತೋರಿಸಿತು. ಈ ಅಂಕಿ ಓದಿದ ದಿನ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಒಂದು ಮಾತನ್ನು ಬಿಚ್ಚಿ ಹೇಳುತ್ತೇವೆ. ಕಟ್ಟಡಕ್ಕೆ, ಕಂಪ್ಯೂಟರಿಗೆ, ಹೆಸರು ಕೆತ್ತಿಸಬಹುದಾದ ವಸ್ತುಗಳಿಗೆ ದಾನಿಗಳು ಸಿಗುತ್ತಾರೆ, ಅವರಿಗೆ ನಾವು ಋಣಿಗಳು. ಕಷ್ಟವಾಗುವುದು ಕಾರ್ಯಕರ್ತರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ, ಆಪ್ತ ಸಮಾಲೋಚಕರ ಶುಲ್ಕಕ್ಕೆ. ಕಾರ್ಯಕರ್ತರು ಆರು ತಿಂಗಳಿಗೊಮ್ಮೆ ಬದಲಾದರೆ ಮೂಲೆಯಲ್ಲಿ ಕೂತ ಹುಡುಗ ಯಾರ ಬಳಿ ಎದ್ದು ಬರಬೇಕು? ಆದ್ದರಿಂದ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಕೊಡುವ ಸಣ್ಣ ಮೊತ್ತವೇ ನಮಗೆ ಹೆಚ್ಚು ಆಸರೆ. ಹಣ ಕೊಡಲಾಗದವರು ವಾರಕ್ಕೊಂದು ಸಂಜೆ ಕೊಡಬಹುದು: ಲೆಕ್ಕ ಹೇಳಿಕೊಡಿ, ಗಿಟಾರ್ ಕಲಿಸಿ, ಸುಮ್ಮನೆ ಎದುರು ಕೂತು ಚದುರಂಗ ಆಡಿದರೂ ಆದೀತು. ಮಕ್ಕಳ ಸುರಕ್ಷತೆಗಾಗಿ ಪ್ರತಿ ಸ್ವಯಂಸೇವಕರ ಹಿನ್ನೆಲೆಯನ್ನು ವಿಚಾರಿಸಿಯೇ ಸೇರಿಸಿಕೊಳ್ಳುತ್ತೇವೆ, ದಯವಿಟ್ಟು ಬೇಸರಿಸಬೇಡಿ.

ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಖರ್ಚುವೆಚ್ಚದ ಪುಸ್ತಕ ಕಚೇರಿಯ ಮೇಜಿನ ಮೇಲೆಯೇ ಇರುತ್ತದೆ, ಯಾವ ದಾನಿಯಾದರೂ ತೆರೆದು ನೋಡಬಹುದು. ಕೊಡುವ ಮೊದಲು ಒಂದು ಸಂಜೆ ಬನ್ನಿ. ಮಕ್ಕಳೇ ನಿಮ್ಮನ್ನು ಕೋಣೆ ಕೋಣೆಗೂ ಕರೆದೊಯ್ದು ತೋರಿಸುತ್ತಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಕೇಂದ್ರದ ಕಾರ್ಯಕರ್ತರು ಮತ್ತು ಪೋಷಕರು