ಪ್ರಯೋಗ ಬಿಟ್ಟು ಚಲನೆ ಕಲಿಸುವುದು ಹೇಗೆ?

ಮಾನ್ಯ ಸಂಪಾದಕರೇ,

ನಮ್ಮ ಮಕ್ಕಳ ಶಾಲೆಯ ‘ಪ್ರಯೋಗದ ದಿನ’ ಕೊನೆ ಗಳಿಗೆಯಲ್ಲಿ ರದ್ದಾದ ಸುದ್ದಿ ನಿಮ್ಮ ನಿನ್ನೆಯ ಪತ್ರಿಕೆಯಲ್ಲಿದೆ. ಪಾಠ ಹಿಂದೆ ಬಿದ್ದಿದೆ ಅನ್ನುವುದು ಅಧಿಕಾರಿಗಳು ಕೊಟ್ಟ ಕಾರಣ. ಅಲ್ಲಾ ಸ್ವಾಮಿ, ಪ್ರಯೋಗವೂ ಪಾಠವೇ ಅಲ್ವಾ?

ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ. ಗೋಲಿ ಉರುಳಿಸಿ ತೋರಿಸಲು ಉದ್ದನೆಯ ಹಲಗೆಯನ್ನು ಕಿಕ್ಕಿರಿದ ಬಸ್ಸಿನಲ್ಲಿ ಎಲ್ಲರ ಕೈಲಿ ಬೈಸಿಕೊಂಡು ಸಾಗಿಸಿದ್ದೆ. ಗೇಟಿನಿಂದಲೇ ವಾಪಸ್ ಕಳಿಸಿದರು. ಒಂದು ಫೋನ್ ಮಾಡಿ ತಿಳಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಬಳ ಕಟ್, ಮಗಳ ಅಳು ಬೇರೆ. ರಾತ್ರಿ ಅವಳು ಚಲನೆಯ ಮೂರೂ ನಿಯಮಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತಳು. ಒಂದೂ ಅರ್ಥವಾಗಿರಲಿಲ್ಲ.

ಆ ಹಲಗೆಯ ಒಂದು ತುದಿಯನ್ನು ಸ್ವಲ್ಪವೇ ಎತ್ತಿ ಗೋಲಿ ಬಿಟ್ಟಿದ್ದರೆ ಸಾಕಿತ್ತು. ಮೊದಲ ಸೆಕೆಂಡಿನಲ್ಲಿ ಹೋದಷ್ಟೇ ದೂರ ಎರಡನೆಯದರಲ್ಲೂ ಹೋಗುತ್ತದೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಇಲ್ಲ, ಎರಡು ಸೆಕೆಂಡಿಗೆ ಒಟ್ಟು ದೂರ ನಾಲ್ಕು ಪಟ್ಟಾಗುತ್ತದೆ, ಮೂರಕ್ಕೆ ಒಂಬತ್ತು ಪಟ್ಟು. ಗೆಲಿಲಿಯೊ ಇಂಥದೇ ಇಳಿಜಾರಿನಲ್ಲಿ ಇದನ್ನು ಕಂಡುಕೊಂಡ, ಅದೂ ಸಣ್ಣ ಧಾರೆಯಲ್ಲಿ ಬಿದ್ದ ನೀರನ್ನು ತೂಗಿ ಸಮಯ ಅಳೆದು! ಲೋಟದ ಮೇಲೆ ಕಾರ್ಡು, ಅದರ ಮೇಲೆ ನಾಣ್ಯ ಇಟ್ಟು ಕಾರ್ಡನ್ನು ಬೆರಳಿನಿಂದ ಚಿಮ್ಮಿದರೆ ನಾಣ್ಯ ನೇರ ಲೋಟಕ್ಕೆ ಬೀಳುತ್ತದೆ. ನಿಂತದ್ದು ನಿಂತಲ್ಲೇ ಇರಲು ನೋಡುವ ಗುಣ, ಜಡತ್ವ ಅಂದರೆ ಅದೇ. ಕಾಗದದ ಹಾಳೆ ನಿಧಾನವಾಗಿ ಬೀಳುತ್ತದೆ, ಅದನ್ನೇ ಮುದ್ದೆ ಮಾಡಿ ಬಿಟ್ಟರೆ ಬೇಗ ಬೀಳುತ್ತದೆ. ತೂಕ ಬದಲಾಗಿಲ್ಲ, ತಡೆದದ್ದು ಗಾಳಿ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15 ಯಾನದ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಇದನ್ನು ಕೇಳಿದ ಮೇಲೆ ಯಾವ ಮಗು ಸುಮ್ನೆ ಕೂರುತ್ತದೆ ಹೇಳಿ!

ಇದೇನು ಮೊದಲ ಸಲವಲ್ಲ. ಪ್ರಯೋಗದ ಸಾಮಾನು ಬಂದು ಎಷ್ಟೋ ಕಾಲವಾಯಿತು. ಒಡೆದರೆ ಯಾರು ಲೆಕ್ಕ ಕೊಡೋದು ಅಂತ ಬೀರುವಿಗೆ ಬೀಗ. ಬೀಗದ ಕೈ ಕೇಳಿದರೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು. ವಿಜ್ಞಾನದ ಮೇಷ್ಟ್ರನ್ನು ಯಾವುದೋ ಪಟ್ಟಿ ತುಂಬಲು ಕಳಿಸುತ್ತಾರೆ. ಆಮೇಲೆ ಪಾಠ ಹಿಂದೆ ಬಿತ್ತು ಅಂತ ಇವರೇ ಕೂಗುತ್ತಾರೆ.

ಪ್ರಯೋಗದ ದಿನವನ್ನು ಕೂಡಲೇ ಮತ್ತೆ ನಡೆಸಿ. ಇಲ್ಲವೇ ರದ್ದು ಮಾಡಿದವರೇ ತರಗತಿಗೆ ಬಂದು, ಗೋಲಿ ಮುಟ್ಟದೆ ಚಲನೆ ಕಲಿಸಿ ತೋರಿಸಲಿ. ಆ ಬೀಗದ ಕೈಯನ್ನೂ ಹುಡುಕಿಸಿ. ಮಕ್ಕಳ ಓದಿನ ವಿಷಯದಲ್ಲಿ ಇಷ್ಟೊಂದು ಅಸಡ್ಡೆ ಮಾಡಲು ಇವರಿಗೆ ಮನಸ್ಸಾದರೂ ಹೇಗೆ ಬರುತ್ತದೆ?

– ಒಬ್ಬ ತಾಯಿ