ಹಗಲು ಕೆರೆಯಲ್ಲಿ, ರಾತ್ರಿ ಹೊಲದಲ್ಲಿ: ಮಾಗಡಿಯ ಹೆಬ್ಬಾತುಗಳ ಬಗ್ಗೆ ಗದಗ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ ಅದು ಸಂರಕ್ಷಣಾ ಮೀಸಲು ಪ್ರದೇಶ. ಚಳಿಗಾಲಕ್ಕೆ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ, ಜೊತೆಗೆ ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಪೋಚಾರ್ಡ್ ಎಂಬ ಮುಳುಗು ಬಾತು. ಕೆರೆಗೆ ಕಾವಲಿದೆ, ಫಲಕವಿದೆ. ಹೀಗಿರುವಾಗ ಅರಣ್ಯ ಇಲಾಖೆಯನ್ನು ಬಿಟ್ಟು ತಮಗೇಕೆ ಬರೆಯುತ್ತಿದ್ದೇವೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ.

ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಎರಡು ಮೂರು ಕಿಲೋ ತೂಗುವ ಇಷ್ಟು ಹಕ್ಕಿಗಳಿಗೆ ಅಲ್ಲಿ ಮೇವಿಲ್ಲ. ಅವು ಹಗಲೆಲ್ಲ ಕೆರೆಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತವೆ. ಹೊತ್ತು ಮುಳುಗಿದ ಮೇಲೆ ಸಾಲುಗಟ್ಟಿ ಎದ್ದು ಸುತ್ತಲಿನ ಊರುಗಳ ಎರೆ ಹೊಲಗಳಲ್ಲಿ ಶೇಂಗಾ ಉಳಿಕೆ, ಕಡಲೆ ಕುಡಿ, ಗೋಧಿ ಮೊಳಕೆ ಮೇಯ್ದು ಬೆಳಗಿಗೆ ಮರಳುತ್ತವೆ. ಹಕ್ಕಿ ಸಾಯುವ ಸಂಭವ ಹೆಚ್ಚಿರುವುದು ಈ ರಾತ್ರಿಯ ಪಾಲಿನಲ್ಲಿ, ಅಂದರೆ ಮೀಸಲಿನ ಗಡಿಯ ಆಚೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಮಿನಂತೆ ರಚನೆಯಾಗುವ ನಿರ್ವಹಣಾ ಸಮಿತಿಯಲ್ಲಿ ಅರಣ್ಯ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳು, ಗ್ರಾಮ ಪಂಚಾಯಿತಿಗಳು, ಸ್ವಯಂಸೇವಾ ಸಂಸ್ಥೆಗಳ ಮೂವರು ಪ್ರತಿನಿಧಿಗಳು ಇರುತ್ತಾರೆ. ವಿದ್ಯುತ್ ಕಂಪನಿಗೆ, ಸಣ್ಣ ನೀರಾವರಿಗೆ, ಮೀನುಗಾರಿಕೆಗೆ ಅಲ್ಲಿ ಕುರ್ಚಿಯಿಲ್ಲ. ಇವರೆಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರ ಜಿಲ್ಲೆಯಲ್ಲಿ ತಮಗಿದೆ.

ತಂತಿಯಿಂದ ಶುರು ಮಾಡೋಣ. ಪಟ್ಟೆತಲೆ ಹೆಬ್ಬಾತಿನ ರೆಕ್ಕೆಯ ಹರವು ಒಂದೂವರೆ ಮೀಟರ್ ಆಸುಪಾಸು. ಗಾಳಿಯಲ್ಲಿ ಥಟ್ಟನೆ ತಿರುಗಿಕೊಳ್ಳುವ ಚುರುಕು ಅಷ್ಟು ಭಾರದ ಹಕ್ಕಿಗಿಲ್ಲ. ಕತ್ತಲಲ್ಲಿ, ಡಿಸೆಂಬರ್-ಜನವರಿಯ ಮಂಜಿನಲ್ಲಿ, ಹೊಲಕ್ಕೆ ಇಳಿಯಲೆಂದು ತಗ್ಗಿ ಹಾರುವಾಗ 11 ಕೆವಿ ತಂತಿ ಅದರ ಕಣ್ಣಿಗೆ ಬೀಳುವುದೇ ಕೊನೆ ಗಳಿಗೆಯಲ್ಲಿ. ಕಂಬದ ಮೇಲಿನ ತಂತಿಗೆ ರಬ್ಬರ್ ಹೊದಿಕೆ ಹಾಕುವುದು ಹದ್ದು, ಗಿಡುಗಗಳಿಗೆ ಒಳ್ಳೆಯ ಉಪಾಯ. ಹೆಬ್ಬಾತು ಕಂಬದ ಮೇಲೆ ಕೂರುವುದಿಲ್ಲ, ಅದು ಬಡಿದುಕೊಳ್ಳುವುದು ಎರಡು ಕಂಬಗಳ ನಡುವಿನ ತಂತಿಗೆ. ಹೊದಿಕೆಗೆ ಹಣ ಸುರಿದು ಕೆಲಸ ಮುಗಿಯಿತು ಎಂದುಕೊಂಡರೆ ಈ ಹಕ್ಕಿಗೆ ಏನೂ ಪ್ರಯೋಜನವಾಗಿಲ್ಲ.

ಮಾಡಬೇಕಾದ ಕ್ರಮ ಕಷ್ಟದ್ದಲ್ಲ. ಹೆಬ್ಬಾತುಗಳು ಬಂದು ಒಂದೆರಡು ವಾರವಾದ ಮೇಲೆ ಕೆರೆಯ ನಾಲ್ಕೂ ದಿಕ್ಕಿಗೆ ಇಬ್ಬಿಬ್ಬರನ್ನು ನಿಲ್ಲಿಸಿ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ, ಮೂರು ಸಂಜೆ, ಗುಂಪು ಯಾವ ಕಡೆ ಹೋಯಿತು, ಎಷ್ಟು ಹಕ್ಕಿ, ತಂತಿಗಿಂತ ಮೇಲೋ ಕೆಳಗೋ ಎಂದು ಗ್ರಾಮ ನಕ್ಷೆಯ ಮೇಲೆ ಬರೆದುಕೊಳ್ಳಲಿ. ಹಾರುವ ದಾರಿ ಮತ್ತು ತಂತಿ ಅಡ್ಡಹಾಯುವ ಕಡೆಗಳು ಆಗ ತಾವಾಗಿಯೇ ಎದ್ದು ಕಾಣುತ್ತವೆ. ಅಷ್ಟು ಅಂತರಕ್ಕೆ ಮಾತ್ರ, ತಂತಿ ಹಕ್ಕಿಯ ಕಣ್ಣಿಗೆ ಬೀಳುವಂತೆ, ಪ್ರತಿ ತಂತಿಗೂ 5 ಮೀಟರಿಗೊಂದು ಸುರುಳಿ ಅಥವಾ ತೂಗುವ ಬಿಲ್ಲೆ ಕಟ್ಟಬೇಕು. ಅಕ್ಕಪಕ್ಕದ ತಂತಿಗಳಲ್ಲಿ ಅವು ಒಂದರ ಎದುರು ಒಂದು ಬರದೆ ಹಿಂದೆಮುಂದೆ ಇರಬೇಕು, ಆಗ ದೂರದಿಂದ ನೋಡುವ ಹಕ್ಕಿಗೆ ಅಂತರ ಅರ್ಧಕ್ಕೆ ಇಳಿಯುತ್ತದೆ. ಹಾರಾಟ ಕತ್ತಲಲ್ಲಿ ಆಗುವುದರಿಂದ ಬರೀ ಕೆಂಪು ಪ್ಲಾಸ್ಟಿಕ್ ಸಾಲದು, ಮಂದ ಬೆಳಕನ್ನೂ ಪ್ರತಿಫಲಿಸುವ ಬಿಲ್ಲೆಯೇ ಬೇಕು. ಬಿಸಿಲಿಗೆ ಇವು ಕೆಲವೇ ವರ್ಷಗಳಲ್ಲಿ ಮುರಿದು ಬೀಳುತ್ತವೆ. ಪ್ರತಿ ಅಕ್ಟೋಬರಿನಲ್ಲಿ ಎಣಿಸಿ ಬದಲಿಸುವ ಷರತ್ತು ಗುತ್ತಿಗೆಯಲ್ಲೇ ಇರಲಿ. ಬಿಲ್ಲೆ ಕಟ್ಟಿದರೆ ಸಾವು ಇಳಿಯುತ್ತದೆ, ಪೂರಾ ನಿಲ್ಲುವುದಿಲ್ಲ. ಕೆರೆಗೆ ತೀರ ಹತ್ತಿರದ ಒಂದೆರಡು ಅಡ್ಡದಾರಿಗಳಲ್ಲಿ ತಂತಿಯನ್ನು ನೆಲದೊಳಗೆ ಇಳಿಸುವುದೇ ಸರಿಯಾದ ಪರಿಹಾರ. ಇನ್ನೊಂದು ಮಾತು: ತಂತಿಯ ಕೆಳಗೆ ಸತ್ತ ಹಕ್ಕಿ ಸಿಗದಿದ್ದರೆ ಸಾವೇ ಇಲ್ಲ ಎಂದಲ್ಲ. ನಾಯಿ, ನರಿ ಬೆಳಕು ಹರಿಯುವ ಮೊದಲೇ ಎಳೆದೊಯ್ಯುತ್ತವೆ. ನಸುಕಿನಲ್ಲೇ ನಡೆದು ನೋಡಿದ ಲೆಕ್ಕವನ್ನು ಮಾತ್ರ ನಂಬಿ.

ಎರಡನೆಯದು ಇಲಿ ಪಾಷಾಣ. ಹಿಂಗಾರಿ ಹೊಲದಲ್ಲಿ ಇಲಿ ಕಾಟ ನಿಜ, ರೈತ ಸುಮ್ಮನೆ ಕೂರಲಾರ. ತೊಂದರೆ ಇರುವುದು ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳನ್ನು ಬದುವಿನ ಮೇಲೆ ಚೆಲ್ಲುವುದರಲ್ಲಿ. ಹೊಟ್ಟೆಯ ಆಮ್ಲಕ್ಕೆ ಸೇರಿದೊಡನೆ ಅದು ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಮದ್ದಿಲ್ಲ. ನೆಲದ ಮೇಲಿನ ಕಾಳು ಹೆಕ್ಕುವ ಹೆಬ್ಬಾತು ಇಲಿಗಿಂತ ಮೊದಲೇ ಅದನ್ನು ತಿನ್ನುತ್ತದೆ. ಸರಿಯಾದ ರೀತಿ ಹೀಗೆ: ಮೊದಲ ದಿನ ಎಲ್ಲ ಬಿಲಗಳ ಬಾಯಿ ಮುಚ್ಚಬೇಕು. ಮರುದಿನ ತೆರೆದುಕೊಂಡ ಬಿಲಗಳಲ್ಲೇ ಇಲಿ ಇರುವುದು. ಅವುಗಳಿಗೆ ಎರಡು ಮೂರು ದಿನ ವಿಷವಿಲ್ಲದ ನುಚ್ಚು ಹಾಕಿ ರೂಢಿ ಮಾಡಿಸಬೇಕು. ನಂತರ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಪೊಟ್ಟಣ ಕಟ್ಟಿ ಒಳಕ್ಕೆ ತಳ್ಳಿ ಬಾಯಿಗೆ ಮಣ್ಣು ಹಾಕಬೇಕು. ಈ ರೀತಿಯಲ್ಲಿ ಇಲಿಯೂ ಹೆಚ್ಚು ಸಾಯುತ್ತದೆ, ಔಷಧಿಯೂ ಕಡಿಮೆ ಸಾಕು. ರೈತ ಸಂಪರ್ಕ ಕೇಂದ್ರದಲ್ಲಿ ಹಿಂಗಾರಿ ಬೀಜ ಕೊಡುವ ದಿನವೇ ಇದನ್ನು ಬಾಯಿಂದ ಹೇಳಿ, ಕೈಯಿಂದ ಮಾಡಿ ತೋರಿಸಬೇಕು. ಕರಪತ್ರ ಹಂಚಿದರೆ ಬೀಜದ ಚೀಲದ ಜೊತೆ ಮೂಲೆ ಸೇರುತ್ತದೆ. ಔಷಧಿ ಹಚ್ಚಿದ ಬಿತ್ತನೆ ಬೀಜಕ್ಕೂ ಇದೇ ಮಾತು: ಕೂರಿಗೆ ತಿರುಗುವ ಹೊಲದಂಚಿನಲ್ಲಿ ಚೆಲ್ಲಿದ್ದನ್ನು ಮಣ್ಣಲ್ಲಿ ಮುಚ್ಚಲೇಬೇಕು.

ರೈತರ ಬಾಯಿ ಕಟ್ಟಿ ಹಕ್ಕಿ ಉಳಿಸಲಾಗದು. ಹೆಬ್ಬಾತು ಬೆಳೆ ತಿನ್ನುವುದೇ ಇಲ್ಲ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ, ತಿನ್ನುತ್ತದೆ. ಆದರೆ ಯಾವಾಗ ತಿಂದರೆ ನಷ್ಟ ಎಂಬುದು ಬೇರೆ ಲೆಕ್ಕ. ಬಿತ್ತಿ ತಿಂಗಳಾದ ಕಡಲೆಯ ಕುಡಿಯನ್ನು ಕವಲೊಡೆಯಲೆಂದು ರೈತರೇ ಚಿವುಟುತ್ತಾರೆ. ಆ ಹೊತ್ತಿಗೆ ಹಕ್ಕಿ ಮೇಲ್ಮೇಲೆ ಮೇಯ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಮೊಳಕೆಯನ್ನೇ ಕಿತ್ತರೆ, ಅಥವಾ ಹೂವು ಬಿಟ್ಟ ಮೇಲೆ ಗುಂಪು ತುಳಿದಾಡಿದರೆ ನಷ್ಟ ಪಕ್ಕಾ. ವಾದ ನಿಲ್ಲಿಸಲು ಅಳತೆ ಬೇಕು. ಹಕ್ಕಿ ಬರುವ ಮೊದಲೇ ಪ್ರತಿ ಮಾದರಿ ಹೊಲದ ನಾಲ್ಕು ಕಡೆ ಒಂದು ಮೀಟರ್ ಚೌಕದ ತಂತಿ ಜಾಲರಿಯ ಪಂಜರ ಊರಿ. ಸುಗ್ಗಿಯಲ್ಲಿ ಪಂಜರದೊಳಗಿನ ಒಂದು ಚದರ ಮೀಟರಿನ ಕಾಳನ್ನೂ ಹೊರಗಿನ ಅಷ್ಟೇ ಜಾಗದ ಕಾಳನ್ನೂ ತೂಗಿ. ವ್ಯತ್ಯಾಸವೇ ಹಾನಿ. ಪಂಜರವನ್ನು ಬದುವಿಗೆ ಅಂಟಿಸಿ ಇಡಬೇಡಿ, ಅಲ್ಲಿ ಬೆಳೆ ಮೊದಲೇ ಸೊರಗಿರುತ್ತದೆ. ಹೆಬ್ಬಾತು ಕೂಡ ನಾಲ್ಕೂ ಕಡೆ ಬಯಲು ಕಾಣುವ ಹೊಲದ ನಡುವೆಯೇ ಇಳಿಯುವುದು. ಹೀಗೆ ಅಳೆದ ಹಾನಿಗೆ, ಆನೆ-ಹಂದಿಯ ಹಾನಿಗೆ ಕೊಡುವಂತೆಯೇ, ಅದೇ ಹಂಗಾಮಿನಲ್ಲಿ ಪರಿಹಾರ ಸಿಗಬೇಕು. ತಡವಾಗಿ ಬಂದ ಪರಿಹಾರ ಮುಂದಿನ ವರ್ಷ ಹಕ್ಕಿ ಓಡಿಸುವ ಪಟಾಕಿಗೆ ದಾರಿ.

ಸತ್ತ ಹಕ್ಕಿಯ ವಿಚಾರದಲ್ಲಿ ಜಿಲ್ಲೆಗೆ ಲಿಖಿತ ಕ್ರಮ ಬೇಕೇ ಬೇಕು. 2005ರಲ್ಲಿ ಚೀನಾದ ಕಿಂಗ್ಹೈ ಸರೋವರದಲ್ಲಿ, 2020ರ ಡಿಸೆಂಬರಿನಿಂದ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು; ಎರಡೂ ಕಡೆ ಹೆಚ್ಚು ಸತ್ತದ್ದು ಇದೇ ಪಟ್ಟೆತಲೆ ಹೆಬ್ಬಾತು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಹಕ್ಕಿಗಳು ರಾಶಿ ರಾಶಿ ಸತ್ತದ್ದು ಜ್ವರಕ್ಕಲ್ಲ, ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷಕ್ಕೆ. ಎರಡಕ್ಕೂ ಲಕ್ಷಣ ಬೇರೆ. ಜ್ವರ ಬಂದ ಹಕ್ಕಿ ತಲೆ ವಾಲಿಸಿ ಸುತ್ತು ಹಾಕುತ್ತದೆ, ನಡುಗುತ್ತದೆ. ಬಾಟ್ಯುಲಿಸಂ ಹಿಡಿದದ್ದಕ್ಕೆ ಕಾಲು, ರೆಕ್ಕೆ, ಆಮೇಲೆ ಕುತ್ತಿಗೆ ಸೋಲುತ್ತವೆ. ನೀರಂಚಿನಲ್ಲಿ ತಲೆ ಎತ್ತಲಾಗದೆ ಮುಳುಗಿ ಸಾಯುತ್ತದೆ. ಪಾಷಾಣವಾದರೆ ಹೊಲದ ಹತ್ತಿರವೇ ಬಿದ್ದಿರುತ್ತದೆ, ಅನ್ನನಾಳದಲ್ಲಿ ಕಾಳು ಇನ್ನೂ ಇರುತ್ತದೆ.

ಹೊರನೋಟದಿಂದ ತೀರ್ಮಾನ ಮಾಡುವಂತಿಲ್ಲ, ಆದ್ದರಿಂದ ಮಾದರಿ ಮೂರು ಬಗೆಯಾಗಿ ಹೋಗಬೇಕು: ಶ್ವಾಸನಾಳ ಮತ್ತು ಗುದದ ಸ್ವಾಬ್ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿ ಹಕ್ಕಿಜ್ವರ ಪರೀಕ್ಷಿಸುವ ಭೋಪಾಲದ ಪ್ರಯೋಗಾಲಯಕ್ಕೆ, ಬಾಟ್ಯುಲಿಸಂ ಪರೀಕ್ಷೆಗೆ ಇನ್ನೂ ಜೀವವಿರುವ ಅಥವಾ ಆಗಷ್ಟೇ ಸತ್ತ ಹಕ್ಕಿಯ ರಕ್ತಸಾರ, ವಿಷ ಪರೀಕ್ಷೆಗೆ ಹೊಟ್ಟೆಯ ಕಾಳು ಮತ್ತು ಯಕೃತ್ತು, ಬೇರೆ ಬೇರೆ ಚೀಲದಲ್ಲಿ ಹೆಪ್ಪುಗಟ್ಟಿಸಿ. ಬರೀ ಮೊದಲನೆಯದನ್ನು ಕಳಿಸಿದರೆ ‘ಹಕ್ಕಿಜ್ವರ ಇಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಕಡತ ಮುಚ್ಚಿಬಿಡುವುದು ಸುಲಭ, ಸಾವಿನ ಕಾರಣ ಮಾತ್ರ ಸಿಕ್ಕಿರುವುದಿಲ್ಲ. ವರದಿಗೆ ಕಾಯುತ್ತಾ ಹೆಣಗಳನ್ನು ನೀರಲ್ಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕೊಳೆತ ದೇಹದಲ್ಲಿ ಬಾಟ್ಯುಲಿಸಂ ವಿಷ ಬೆಳೆಯುತ್ತದೆ, ಅದನ್ನುಂಡ ಹುಳು ತಾನು ಸಾಯುವುದಿಲ್ಲ, ಆ ಹುಳು ತಿಂದ ಬಾತು ಸಾಯುತ್ತದೆ, ಅದರಲ್ಲಿ ಮತ್ತೆ ಹುಳು. ಕೈಗವಸು, ಮುಖಗವಸು ಹಾಕಿಕೊಂಡವರು ದಿನಕ್ಕೆರಡು ಸಲ ಹೆಕ್ಕಿ, ಜಾತಿ ಮತ್ತು ಜಾಗ ಬರೆದು, ಎರಡು ಚೀಲ ಸುತ್ತಿ, ಕೆರೆ-ಬಾವಿಗಳಿಂದ ದೂರ ಎರಡು ಮೀಟರ್ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೈಗವಸು, ಚೀಲ, ಸುಣ್ಣ, ಸ್ವಾಬ್ ಅಕ್ಟೋಬರಿನಲ್ಲೇ ಮಾಗಡಿಗೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ಇರಲಿ. ಹಕ್ಕಿ ಸತ್ತ ಮೇಲೆ ಟೆಂಡರ್ ಕರೆದು ಪ್ರಯೋಜನವಿಲ್ಲ.

ಕೆರೆಯ ಒಳಗಿನ ಕೆಲಸದಲ್ಲಿ ನೀರಿನ ಅಂಚಿನ ಬಗ್ಗೆ ಮಾತ್ರ ಹೇಳಬೇಕು. ಹೂಳೆತ್ತುವ ಯಂತ್ರಗಳು ದಂಡೆಯನ್ನು ನೇರಕ್ಕೆ ಕಡಿದು ಕೆರೆಯನ್ನು ಸ್ನಾನದ ತೊಟ್ಟಿಯಂತೆ ಮಾಡಿಬಿಡುತ್ತವೆ. ತಲೆ ಮುಳುಗಿಸಿ ಮೇಯುವ ಬಾತುಗಳಿಗೆ ಮೊಳಕಾಲಿಗಿಂತ ಕಡಿಮೆ ನೀರು ಬೇಕು, ಹೆಬ್ಬಾತಿಗೆ ಇಳಿಜಾರಿನ ಬರಿ ನೆಲ ಬೇಕು. ಹೂಳನ್ನು ನಡುವೆ ತೆಗೆಯಿರಿ, ದಂಡೆಯಲ್ಲಿ ಹತ್ತು ಅಡಿಗೆ ಒಂದು ಅಡಿಗಿಂತ ಕಡಿದಾದ ಇಳಿಜಾರು ಬೇಡ. ಅಂಚಿನ ಬಳ್ಳಾರಿ ಜಾಲಿಯನ್ನು ಹಕ್ಕಿ ಹೋದ ಮೇಲೆ, ಏಪ್ರಿಲ್‌ನಿಂದ ಜೂನ್ ಒಳಗೆ, ಬೇರು ಸಮೇತ ಕೀಳಿಸಬೇಕು. ಕಡಿದರೆ ಒಂದಕ್ಕೆ ಹತ್ತು ಚಿಗುರು. ನದಿಯಿಂದ ನೀರು ತುಂಬಿಸುವ ಯೋಜನೆ ಬಂದರೆ ಬಹಳ ಸಂತೋಷ, ಆದರೆ ನವೆಂಬರಿನಲ್ಲಿ ಕಂಠಮಟ್ಟ ತುಂಬಿಸಿದರೆ ಕೂರುವ ದಂಡೆಯೇ ಮುಳುಗುತ್ತದೆ. ಗ್ರಾಮಸ್ಥರ ಬೆಳೆಗೆ ಬೇಕಾದಂತೆ ಮೆಲ್ಲಮೆಲ್ಲಗೆ ಇಳಿಯುವ ನೀರು ಹಕ್ಕಿಗೂ ಅನುಕೂಲ.

ದೀಪಾಲಂಕಾರ, ಬೋಟಿಂಗ್, ಡ್ರೋನ್ ಈ ಕೆರೆಗೆ ಬೇಡ. ಮಂಡಕ್ಕಿ, ಬ್ರೆಡ್ ಎರಚುವುದೂ ಬೇಡ. ಹಿಮಾಲಯ ದಾಟಿ ಹೋಗಬೇಕಾದ ಹಕ್ಕಿ ಫೆಬ್ರವರಿಯಲ್ಲಿ ಮೈಗೆ ಕೊಬ್ಬು ಕೂಡಿಸುತ್ತಿರುತ್ತದೆ, ಪ್ರತಿ ಸಲ ಬೆದರಿ ಎದ್ದಾಗ ಅದರಲ್ಲಿ ಒಂದಿಷ್ಟು ಕರಗುತ್ತದೆ.

ಮೀನಿನ ಹಕ್ಕು ಯಾರದಾಗಿದ್ದರೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಣ್ಣಿಬಲೆ ಬಿಡುವಂತಿಲ್ಲ ಎಂಬ ಷರತ್ತು ಇರಬೇಕು. ಮುಳುಗಿ ಮೇಯುವ ಪೋಚಾರ್ಡ್ ಅದರಲ್ಲಿ ಸಿಕ್ಕಿ ಉಸಿರುಗಟ್ಟಿ ಸಾಯುತ್ತದೆ. ಆ ಐದು ತಿಂಗಳ ನಷ್ಟವನ್ನು ಗುತ್ತಿಗೆ ಮೊತ್ತದಲ್ಲೇ ಕಳೆದುಕೊಡಿ.

ಅಕ್ಟೋಬರ್ ಮೊದಲ ವಾರದಲ್ಲಿ ವಿದ್ಯುತ್ ಕಂಪನಿ ಹೆಸ್ಕಾಂ, ಸಣ್ಣ ನೀರಾವರಿ, ಮೀನುಗಾರಿಕೆ, ಕೃಷಿ, ಪಶುಸಂಗೋಪನೆ, ಅರಣ್ಯ ಇಲಾಖೆಗಳ ಸಭೆಯನ್ನು ಮಾಗಡಿ ಗ್ರಾಮ ಪಂಚಾಯಿತಿಯಲ್ಲೇ ಕರೆಯಬೇಕೆಂದು ಕೋರುತ್ತೇವೆ. ಹಾರುವ ದಾರಿಯ ನಕ್ಷೆಗೆ ಸಂಜೆ ನಿಲ್ಲುವವರು, ಜನವರಿಯ ಏಷ್ಯಾ ನೀರುಹಕ್ಕಿ ಗಣತಿಗೆ ಎಣಿಸುವವರು ನಮ್ಮ ಕಡೆಯಿಂದ ಬರುತ್ತಾರೆ. ನಕ್ಷೆಗೆ ಬೇಕಾದ ವಿದ್ಯುತ್ ಮಾರ್ಗಗಳ ಪ್ರತಿಯನ್ನು ಸಭೆಗೆ ಮೊದಲೇ ಕೊಡಿಸಿ.

ಇಂತಿ,
ಗದಗ ಸುತ್ತಲಿನ ಕೆರೆಗಳ ಹಕ್ಕಿ ಗಣತಿಯ ಸ್ವಯಂಸೇವಕರು